ಕೇಳಿದ್ದು, ಊಹಿಸಿದ್ದು: ಕೊಬ್ಲೆಂಜ್ ವಿಚಾರಣೆಯಿಂದ ಒಂದು ಪಾಠ

ಹತ್ತನೇ ತರಗತಿಯ ಅಭ್ಯಾಸ ಬೋಧನೆಯಲ್ಲಿ ಮಾನವ ಹಕ್ಕುಗಳ ಪಾಠಕ್ಕೆ ನಾನು ಜರ್ಮನಿಯ ಕೊಬ್ಲೆಂಜ್ ನ್ಯಾಯಾಲಯದ ವಿಚಾರಣೆಯನ್ನು ಆರಿಸಿಕೊಂಡೆ.

ವಿಷಯ ನಿರೂಪಣೆ: ಸಿರಿಯಾದ ಗುಪ್ತಚರ ಅಧಿಕಾರಿಯಾಗಿದ್ದ ಅನ್ವರ್ ರಸ್ಲಾನ್ ಮೇಲೆ ದಮಾಸ್ಕಸ್‌ನ ಬಂಧನ ಕೇಂದ್ರದಲ್ಲಿ ನಡೆದ ಚಿತ್ರಹಿಂಸೆ, ಕೊಲೆಗಳ ಆರೋಪವಿತ್ತು. ಇಂಥ ಅಪರಾಧ ಎಲ್ಲೇ ನಡೆದಿದ್ದರೂ ವಿಚಾರಿಸಲು ಜರ್ಮನ್ ಕಾನೂನಿನಲ್ಲಿ ಅವಕಾಶವಿದೆ. 2020ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭವಾಯಿತು. 2022ರ ಜನವರಿ 13ರಂದು ಜೀವಾವಧಿ ಶಿಕ್ಷೆಯಾಯಿತು. ಕಲಾಪ ಜರ್ಮನ್‌ನಲ್ಲಿ, ನೊಂದವರ ಭಾಷೆ ಅರಬ್ಬಿ. ಸಾಕ್ಷಿಗಳ ಮಾತಿನ ಪೂರ್ಣ ಲಿಖಿತ ದಾಖಲೆಯನ್ನು ನ್ಯಾಯಾಲಯ ಇಡಲಿಲ್ಲ. ಸಾರ್ವಜನಿಕರ ಸಾಲಿನಲ್ಲಿ ಕುಳಿತ ವೀಕ್ಷಕರೇ ಟಿಪ್ಪಣಿ ಮಾಡಿಕೊಂಡು ಅರಬ್ಬಿಯಲ್ಲೂ ವರದಿ ಪ್ರಕಟಿಸಿದರು.

ಚಟುವಟಿಕೆ: ಅಣಕು ವಿಚಾರಣೆ ನಡೆಸಿದೆವು. ಮಕ್ಕಳು ಪುಟದ ಎಡಕ್ಕೆ ಕೇಳಿದ್ದನ್ನು, ಬಲಕ್ಕೆ ತಮಗೆ ಅನಿಸಿದ್ದನ್ನು ಬರೆಯಬೇಕು. ಒಬ್ಬಳು ಎಡಕ್ಕೆ ‘ಸಾಕ್ಷಿ ಸುಳ್ಳು ಹೇಳಿದ’ ಎಂದು ಬರೆದಿದ್ದಳು. “ಅದು ನಿನಗೆ ಕೇಳಿಸಿತೇನಮ್ಮ?” ಎಂದೆ. ಯೋಚಿಸಿ, ‘ಮೊದಲು ಸೋಮವಾರ ಎಂದ, ಆಮೇಲೆ ಬುಧವಾರ ಎಂದ’ ಎಂದು ತಿದ್ದಿದಳು. “ಸಾಕ್ಷಿಯ ಹೆಸರು ಬರೆಯಬೇಕಾ ಸರ್?” ಎಂದು ಇನ್ನೊಬ್ಬ ಕೇಳಿದ. ಕೊಬ್ಲೆಂಜ್‌ನಲ್ಲಿ ಕೆಲವು ಸಾಕ್ಷಿಗಳು ಸಿರಿಯಾದಲ್ಲಿದ್ದ ಬಂಧುಗಳಿಗೆ ಅಪಾಯವಾದೀತೆಂದು ಹೆಸರು ಮರೆಮಾಚಿದ್ದನ್ನು ತಿಳಿಸಿದೆ.

ಅವಲೋಕನ: ನಮ್ಮ ಪಾಠ ವೀಕ್ಷಣಾ ಪುಸ್ತಕಕ್ಕೂ ಈ ಎರಡು ಕಲಂ ಹೊಂದುತ್ತವೆ. ‘ಪಾಠ ಚೆನ್ನಾಗಿತ್ತು’ ಎಂಬುದು ಬಲಗಡೆಯ ಮಾತು. ‘ಏಳು ಮಕ್ಕಳು ಉತ್ತರಿಸಿದರು’ ಎಂಬುದು ಎಡಗಡೆಯದು. ಎಡಗಡೆ ತುಂಬಿದ ಮೇಲಷ್ಟೇ ಬಲಗಡೆಗೆ ಬೆಲೆ.