ಗಾಡಿ ಬದಲಾಯಿಸುವ ಮುಂಚೆ ಆರ್.ಸಿ. ನೋಡಿರಿ



ಈ ಸಲದ ಸಂಘದ ಪಾಠಕ್ಕೆ ಗಾಡಿಗಳ ವಿಷಯ ತೆಗೆದುಕೊಂಡಿದ್ದೇವೆ. "ಗಾಡಿ ಅಂದ್ರೆ ಗಂಡಸರ ವಿಷಯ, ನಮಗ್ಯಾಕೆ ಅದು?" ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಸ್ವಲ್ಪ ಯೋಚನೆ ಮಾಡಿರಿ. ಹತ್ತಿ ಬಿಡಿಸೋಕೆ, ನಾಟಿ ಹಚ್ಚೋಕೆ, ಮೆಣಸಿನಕಾಯಿ ಹರಿಯೋಕೆ ಹೋಗುವಾಗ ಗಾಡಿಯಲ್ಲಿ ತುಂಬಿಕೊಂಡು ಹೋಗುವವರು ಯಾರು? ಹೆಚ್ಚಿನವರು ನಾವೇ, ಹೆಣ್ಣುಮಕ್ಕಳು. ಟಂಟಂ ತಗೊಳ್ಳಲಿಕ್ಕೆ ಸಂಘದಿಂದ ಸಾಲ ತೆಗೆಯುವವರು ಯಾರು? ಅದೂ ನಾವೇ. ಎಷ್ಟೋ ಮನೆಗಳಲ್ಲಿ ಗಾಡಿ ಓಡಿಸುವವನು ಗಂಡ ಅಥವಾ ಮಗ, ಕಾಗದದಲ್ಲಿ ಹೆಸರು ಮಾತ್ರ ತಾಯಿಯದು. ಹಾಗಿದ್ದಮೇಲೆ ಈ ವಿಷಯ ನಮಗೆ ಗೊತ್ತಿರಲೇಬೇಕು.

ಗಾಡಿ ಬದಲಾಯಿಸುವುದು ಅಂದರೇನು?

ಕಂಪನಿಯಿಂದ ಗಾಡಿ ಬರುವಾಗ ಅದಕ್ಕೆ ಇಷ್ಟು ಉದ್ದ, ಇಷ್ಟು ಸೀಟು, ಇಂಥ ಇಂಜಿನ್, ಇಷ್ಟು ತೂಕ ಅಂತ ಲೆಕ್ಕ ಇರುತ್ತದೆ. ಆ ಲೆಕ್ಕಕ್ಕೆ ತಕ್ಕಂತೆ ಬ್ರೇಕು, ಟಯರು, ಸ್ಪ್ರಿಂಗು ಹಾಕಿರುತ್ತಾರೆ. ಅದನ್ನು ಪರೀಕ್ಷೆ ಮಾಡಿದ ಮೇಲೆಯೇ ರಸ್ತೆಗೆ ಬಿಡುತ್ತಾರೆ. ಆಮೇಲೆ ನಾವು ವೆಲ್ಡಿಂಗ್ ಅಂಗಡಿಗೆ ಹೋಗಿ ಅದರ ರೂಪ ಬದಲಾಯಿಸಿದರೆ ಅದಕ್ಕೆ ಆಲ್ಟ್ರೇಷನ್ ಅನ್ನುತ್ತಾರೆ.

ನಮ್ಮ ಕೊಂಕಲ್ ಸುತ್ತಮುತ್ತಲಿನ ಹಳ್ಳಿಗಳಲ್ಲೂ, ಶಹಾಪುರ, ಸುರಪುರ ಕಡೆಗೂ ಇಂಥವು ಕಣ್ಣಿಗೆ ಬೀಳುತ್ತವೆ. ಟಂಟಂ ಹಿಂದೆ ಹಲಗೆ ಹಾಕಿ ಇನ್ನೂ ಮೂರು ಜನರಿಗೆ ಜಾಗ ಮಾಡುತ್ತಾರೆ. ಸಾಮಾನು ಹೇರುವ ಗಾಡಿಗೆ ಕಬ್ಬಿಣದ ಪೈಪು, ತಾಡಪಾಲು ಕಟ್ಟಿ ಜನ ಕೂಡಿಸುತ್ತಾರೆ. ಕ್ರೂಸರ್ ಮೇಲೆ ದೊಡ್ಡ ಕ್ಯಾರಿಯರ್ ಕೂಡಿಸಿ ಅದರ ಮೇಲೂ ಹತ್ತಿಸುತ್ತಾರೆ. ಹುಡುಗರು ಬೈಕಿನ ಸೈಲೆನ್ಸರ್ ತೆಗೆದು ಪಟಾಕಿ ಸಿಡಿದ ಹಾಗೆ ಸಪ್ಪಳ ಬರುವುದನ್ನು ಹಾಕಿಸುತ್ತಾರೆ. ಎದುರಿಗೆ ಬರುವವರ ಕಣ್ಣು ಕುಕ್ಕುವ ಎಲ್‌ಇಡಿ ಲೈಟು ಹಚ್ಚಿಸುತ್ತಾರೆ. ದೊಡ್ಡ ಊರುಗಳಲ್ಲಿ ಇದ್ದವರ ಮಕ್ಕಳು ಕಾರಿಗೆ ಅಗಲ ಟಯರು, ಮುಂದೆ ಕಬ್ಬಿಣದ ಗಾರ್ಡು ಹಾಕಿಸಿ ಶೋಕಿ ಮಾಡುತ್ತಾರೆ. ಅವರದು ಶೋಕಿ, ನಮ್ಮದು ಹೊಟ್ಟೆಪಾಡು. ಆದರೆ ರಸ್ತೆ ಎರಡಕ್ಕೂ ಒಂದೇ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಈ ವಿಷಯಕ್ಕೇ ಇದೆ. ಕಂಪನಿ ಹೇಳಿದ ವಿವರಕ್ಕೂ ಆರ್.ಸಿ. ಪುಸ್ತಕದ ವಿವರಕ್ಕೂ ಹೊಂದಾಣಿಕೆ ತಪ್ಪುವ ಹಾಗೆ ಮಾಲೀಕರು ಗಾಡಿ ಬದಲಾಯಿಸಬಾರದು ಅಂತ ಅದು ಹೇಳುತ್ತದೆ. ಈ ಕಲಮಿನ ಅರ್ಥದ ಬಗ್ಗೆ ಕೇರಳದಿಂದ ಒಂದು ಪ್ರಕರಣ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ಜನವರಿಯಲ್ಲಿ ಕೋರ್ಟು ತೀರ್ಪು ಕೊಟ್ಟು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಾಯಿಸುವಂತಿಲ್ಲ ಅಂತ ಸ್ಪಷ್ಟ ಮಾಡಿತು.

ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಆಯಿತು. ಈಗ ಅಪ್ಪಣೆ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಪರವಾನಗಿಗಿಂತ ಹೆಚ್ಚು ಜನರನ್ನು ತುಂಬಿದರೆ ತಲೆಗೆ 200 ರೂಪಾಯಿ. ಸಪ್ಪಳದ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು. 18 ತುಂಬದ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಶಿಕ್ಷೆ ಕಾಯಿದೆಯಲ್ಲಿದೆ.

ಇಲ್ಲಿ ಒಂದು ಶಬ್ದವನ್ನು ಗಮನಿಸಿರಿ. ಕಾಯಿದೆ "ಡ್ರೈವರ್" ಅನ್ನುವುದಿಲ್ಲ, "ಮಾಲೀಕರು" ಅನ್ನುತ್ತದೆ. ಆರ್.ಸಿ.ಯಲ್ಲಿ ನಿಮ್ಮ ಹೆಸರಿದ್ದರೆ ಆ ಮಾಲೀಕರು ನೀವೇ. ಹಲಗೆ ಹಾಕಿಸಿದ್ದು ಮಗ ಇರಬಹುದು, ವೆಲ್ಡಿಂಗ್ ಮಾಡಿದ್ದು ಬೇರೆಯವನು ಇರಬಹುದು. ನೋಟೀಸು ಬರುವುದು ನಿಮ್ಮ ಹೆಸರಿಗೆ.

ಯಾಕೆ ಅಪಾಯ?

ಇದನ್ನು ತಿಳಿಯೋಕೆ ಇಂಜಿನಿಯರ್ ಆಗಬೇಕಿಲ್ಲ. ಬಂಡಿಗೆ ಹೊಟ್ಟು ಹೇರುವುದನ್ನು ನೀವು ನೋಡಿದ್ದೀರಿ. ಹೊರೆ ತಗ್ಗಿನಲ್ಲಿದ್ದರೆ ಬಂಡಿ ಗಟ್ಟಿ ನಿಲ್ಲುತ್ತದೆ. ಎತ್ತರ ಆದಷ್ಟೂ ಸಣ್ಣ ತಗ್ಗಿಗೂ ಓಲಾಡುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಗಾಡಿಯ ಮೇಲೆ ಜನ ಕೂಡಿಸಿದರೂ ಹೀಗೇ ಆಗುತ್ತದೆ.

ಎರಡನೆಯದು ಬ್ರೇಕು. ನಾಲ್ಕು ಜನರ ತೂಕಕ್ಕೆ ಮಾಡಿದ ಬ್ರೇಕು ಹತ್ತು ಜನರ ತೂಕವನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲಾರದು. ಮೂರನೆಯದು, ಹಿಂದೆ ಹಾಕಿದ ಹಲಗೆಗೆ ಯಾವ ಆಧಾರವೂ ಇರುವುದಿಲ್ಲ. ಹಿಂದಿನಿಂದ ಗಾಡಿ ಗುದ್ದಿದರೆ ಮೊದಲು ಪೆಟ್ಟಾಗುವುದು ಅಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ. ನಾಲ್ಕನೆಯದು ವೈರಿಂಗ್. ಹೆಚ್ಚಿನ ಲೈಟು, ದೊಡ್ಡ ಸೌಂಡ್ ಬಾಕ್ಸ್‌ಗೆ ವೈರು ಕಡಿದು ಜೋಡಿಸಿದರೆ ಅದು ಬಿಸಿಯಾಗಿ ಬೆಂಕಿ ಹತ್ತಬಹುದು. ಕಣ್ಣು ಕುಕ್ಕುವ ಲೈಟಿನಿಂದ ತೊಂದರೆ ಆಗುವುದು ಗಾಡಿಯಲ್ಲಿ ಕುಳಿತವರಿಗಲ್ಲ, ಎದುರಿಗೆ ಬರುವವರಿಗೆ ಮತ್ತು ರಾತ್ರಿ ರಸ್ತೆ ಪಕ್ಕದಲ್ಲಿ ನಡೆಯುವ ಹೆಂಗಸರಿಗೆ. ಇದಕ್ಕಾಗಿಯೇ 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಇಂಥ ಲೈಟುಗಳ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿದರು.

ನಮ್ಮ ಕಡೆಯ ಮೂರು ಘಟನೆಗಳು

2022ರ ಆಗಸ್ಟ್ 25ರಂದು ತುಮಕೂರು ಜಿಲ್ಲೆಯ ಶಿರಾ ಹತ್ತಿರ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಕ್ರೂಸರ್ ಲಾರಿಗೆ ಗುದ್ದಿತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. 9 ಮಂದಿ ತೀರಿಕೊಂಡರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅವರು ಪಕ್ಕದ ರಾಯಚೂರು ಜಿಲ್ಲೆಯವರು, ನಮ್ಮ ಹಾಗೆಯೇ ದುಡಿಯೋಕೆ ಊರು ಬಿಟ್ಟವರು.

2023ರ ಜೂನ್ 6ರಂದು ನಮ್ಮ ಯಾದಗಿರಿ ಜಿಲ್ಲೆಯ ಬಳಿಚಕ್ರ ಹತ್ತಿರ ಒಂದು ಕ್ರೂಸರ್ ನಿಂತಿದ್ದ ಲಾರಿಗೆ ಗುದ್ದಿತು. ಆಂಧ್ರದಿಂದ ಕಲಬುರಗಿ ದರ್ಗಾದ ಉರುಸಿಗೆ ಹೊರಟಿದ್ದವರಲ್ಲಿ 5 ಮಂದಿ ಸತ್ತರು, 13 ಮಂದಿಗೆ ಗಾಯವಾಯಿತು. ಅಂದರೆ ಒಂದೇ ಗಾಡಿಯಲ್ಲಿ 18 ಜನ.

2025ರ ಜನವರಿ 22ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಸವಣೂರಿನ ಹಣ್ಣು, ತರಕಾರಿ ವ್ಯಾಪಾರಿಗಳು ಲಾರಿಯಲ್ಲಿ ಮಾಲಿನ ಜೊತೆಗೇ ಕುಮಟಾ ಸಂತೆಗೆ ಹೊರಟಿದ್ದರು. ಯಲ್ಲಾಪುರ ತಾಲೂಕಿನಲ್ಲಿ ಲಾರಿ ಕಂದಕಕ್ಕೆ ಉರುಳಿತು. 10 ಜನ ಸತ್ತರು.

ಈ ಮೂರೂ ಗಾಡಿಗಳಿಗೆ ವೆಲ್ಡಿಂಗ್ ಮಾಡಿಸಿದ್ದರು ಅಂತ ನಾವು ಹೇಳುತ್ತಿಲ್ಲ. ಅಪಘಾತ ಹೇಗೂ ಆಗಬಹುದು. ಆದರೆ ಲೆಕ್ಕ ಮೀರಿ ತುಂಬಿದ ಗಾಡಿಯಲ್ಲಿ, ಜನರಿಗಾಗಿ ಮಾಡದ ಗಾಡಿಯಲ್ಲಿ, ಒಂದು ಸಣ್ಣ ತಪ್ಪಿಗೂ ಹತ್ತು ಮನೆಗಳ ದೀಪ ಆರಿಹೋಗುತ್ತದೆ. ಹಲಗೆ, ಪೈಪು, ಕ್ಯಾರಿಯರ್ ಹಾಕಿಸುವುದು ಹೀಗೆ ತುಂಬಲಿಕ್ಕೇ ಅಲ್ಲವೇ?

ವಿಮೆ ಎಲ್ಲಿ ಕೈ ಬಿಡುತ್ತದೆ?

"ಇನ್ಶೂರೆನ್ಸ್ ಕಟ್ಟಿದ್ದೀವಿ, ಏನಾದರೂ ಆದರೆ ಕಂಪನಿ ಕೊಡ್ತದೆ" ಅಂತ ಬಹಳ ಮಂದಿ ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ಸಾಮಾನಿನ ಗಾಡಿಯಲ್ಲಿ ಸಾಮಾನಿನ ಒಡೆಯರಿಗೆ ಅಥವಾ ಅವರ ಕಡೆಯವರಿಗೆ ಕಾಯಿದೆ ರಕ್ಷಣೆ ಕೊಡುತ್ತದೆ. ಆದರೆ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲೇ ತೀರ್ಪು ಕೊಟ್ಟಿದೆ. ಆಗ ಆ ಹೊಣೆ ಮಾಲೀಕರ ತಲೆ ಮೇಲೆ ಬರುತ್ತದೆ. ಕೆಲವು ಪ್ರಕರಣಗಳಲ್ಲಿ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ" ಅಂತ ಕೋರ್ಟು ಹೇಳುತ್ತದೆ. ಆಗಲೂ ಕೊನೆಗೆ ಕೊಡಬೇಕಾದವರು ಮಾಲೀಕರೇ. ಗಾಡಿ ರಿಪೇರಿಯ ಹಣ ಕೇಳಲು ಹೋದಾಗಲೂ ಕಂಪನಿಯವರು ಆರ್.ಸಿ. ಮತ್ತು ಗಾಡಿ ಎರಡನ್ನೂ ಹೋಲಿಸಿ ನೋಡುತ್ತಾರೆ. ತಾಳೆ ಆಗದಿದ್ದರೆ ಅರ್ಜಿ ನಿರಾಕರಿಸಬಹುದು.

ಒಂದು ಲೆಕ್ಕ ಮಾಡೋಣ. ಹಲಗೆ ಹಾಕಿ ಮೂರು ಜನರನ್ನು ಹೆಚ್ಚಿಗೆ ಕೂಡಿಸಿದರೆ, ತಲೆಗೆ 20 ರೂಪಾಯಿಯಂತೆ ದಿನಕ್ಕೆ ನಾಲ್ಕು ಟ್ರಿಪ್ ಅಂದರೆ 240 ರೂಪಾಯಿ. ತಿಂಗಳಲ್ಲಿ 25 ದಿನ ಓಡಿದರೆ 6,000 ರೂಪಾಯಿ. ಬಡವರ ಮನೆಗೆ ಇದು ಸಣ್ಣ ಹಣವಲ್ಲ. ಅದಕ್ಕೇ ಆಸೆ ಆಗುತ್ತದೆ. ಆದರೆ ಒಂದು ಬದಲಾವಣೆಯ ದಂಡ 5,000, ಮೂರು ತಲೆಯ ದಂಡ 600. ಒಂದು ಸಲ ಹಿಡಿದರೇ ಒಂದು ತಿಂಗಳ ಹೆಚ್ಚಿನ ದುಡಿಮೆ ಹೋಯಿತು. ಅಪಘಾತ ಆಗಿ ವಿಮೆ ಸಿಗದಿದ್ದರೆ ಲಕ್ಷಗಳ ಮಾತು. ಹೊಲ, ಮನೆ, ಕಿವಿಯ ಬೆಂಡೋಲೆ ಎಲ್ಲಾ ಮಾರಿದರೂ ಸಾಲದು. ಸಂಘದ ಸಾಲ ಹಾಗೇ ಉಳಿಯುತ್ತದೆ, ಅದರ ಭಾರ ಉಳಿದ ಸದಸ್ಯರ ಮೇಲೆ ಬೀಳುತ್ತದೆ.

ಹಾಗಾದರೆ ಎಲ್ಲಾ ಬದಲಾವಣೆಯೂ ಕೆಟ್ಟದ್ದೇ?

ಇಲ್ಲ. "ನನ್ನ ಹಣ, ನನ್ನ ಗಾಡಿ, ಸರ್ಕಾರಕ್ಕೇನು?" ಅಂತ ಕೇಳುವವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಎಲ್ಲವನ್ನೂ ಕಣ್ಣು ಮುಚ್ಚಿ ನಿಷೇಧ ಮಾಡಿದರೆ ಅಗತ್ಯ ಇದ್ದವರಿಗೆ ಅನ್ಯಾಯ ಆಗುತ್ತದೆ. ಕಾಲಿಗೆ ಶಕ್ತಿ ಇಲ್ಲದ ವಿಕಲಚೇತನ ಅಕ್ಕ ಒಬ್ಬಳು ಸ್ಕೂಟಿಗೆ ಪಕ್ಕದ ಗಾಲಿ ಹಾಕಿಸಿಕೊಂಡರೆ ಅವಳಿಗೆ ಬದುಕು ಸಿಗುತ್ತದೆ. ಇದಕ್ಕೆ ನೋಂದಣಿ ಅಧಿಕಾರಿಯ ಅಪ್ಪಣೆ ಪಡೆದು ಬದಲಾಯಿಸುವ ಅವಕಾಶ ಕಾಯಿದೆಯಲ್ಲೇ ಇದೆ. ಒಪ್ಪಿಗೆ ಪಡೆದ ಗ್ಯಾಸ್ ಕಿಟ್ ಹಾಕಿಸಲಿಕ್ಕೂ ದಾರಿ ಇದೆ. ಅಪ್ಪಣೆ ಪಡೆದು, ಆರ್.ಸಿ.ಯಲ್ಲಿ ಬರೆಸಿದರೆ ತಪ್ಪಿಲ್ಲ.

ಹಾಗಾಗಿ ಒಂದು ಪ್ರಶ್ನೆ ಇಟ್ಟುಕೊಂಡು ಅಳೆಯಿರಿ: ಈ ಬದಲಾವಣೆಯಿಂದ ಪೆಟ್ಟು ತಿನ್ನುವವರು ಯಾರು? ಗಾಡಿ ಅಂದ ಆಗಲಿ ಅಂತ ಒಳಗೆ ಹೊಸ ಕವರ್ ಹಾಕಿದರೆ ಯಾರಿಗೂ ಕೇಡಿಲ್ಲ. ಆದರೆ ಬೇರೆಯವರ ಜೀವ, ಕಣ್ಣು, ಕಿವಿಗೆ ಅಪಾಯ ಆಗುವುದಿದ್ದರೆ ಅದು ಬರೀ "ನನ್ನ ಗಾಡಿ" ವಿಷಯ ಆಗಿ ಉಳಿಯುವುದಿಲ್ಲ. ಅಲ್ಲಿ ನಿರ್ಬಂಧ ಬೇಕೇ ಬೇಕು. ಬಡವರಿಗೆ ರಿಯಾಯಿತಿ ಕೊಡಬೇಕು ಅನ್ನುವವರೂ ಇದ್ದಾರೆ. ಹಲಗೆ ಮೇಲೆ ಕೂರುವವರೂ ಬಡವರೇ. ಜೀವದ ವಿಷಯದಲ್ಲಿ ರಿಯಾಯಿತಿ ಕೊಟ್ಟರೆ ಅದಕ್ಕೆ ಬೆಲೆ ತೆರುವವರು ಅವರೇ.

ಬಸ್ಸು ಕೇಳುವ ಹಕ್ಕು

ಇನ್ನೊಂದು ಮಾತನ್ನೂ ಹೇಳಲೇಬೇಕು. ಬರೀ ದಂಡ ಹಾಕಿದರೆ ಸಮಸ್ಯೆ ಮುಗಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊಲದಲ್ಲಿ ಇರಬೇಕು, ಆ ಹೊತ್ತಿಗೆ ಬಸ್ಸು ಇಲ್ಲ ಅಂದರೆ ಹೆಣ್ಣುಮಗಳು ಏನು ಮಾಡ್ಯಾಳು? ಸಿಕ್ಕ ಗಾಡಿ ಹತ್ತುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತು. ಆದರೆ ಊರಿಗೆ ಬಸ್ಸೇ ಬರದಿದ್ದರೆ ಉಚಿತ ಟಿಕೆಟಿನಿಂದ ಏನು ಉಪಯೋಗ? ಆದ್ದರಿಂದ ನಿಯಮ ಪಾಲಿಸುವುದರ ಜೊತೆಗೆ ಬಸ್ಸು ಕೇಳುವುದೂ ನಮ್ಮ ಕೆಲಸ. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ, ಎಷ್ಟು ಹೊತ್ತಿಗೆ ಎಷ್ಟು ಜನ ಹೋಗುತ್ತೀರಿ ಅಂತ ಬರೆದು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋಕ್ಕೆ ಎಲ್ಲಾ ಸಂಘದವರೂ ಸೇರಿ ಅರ್ಜಿ ಕೊಡಿರಿ. ಒಬ್ಬರು ಹೋದರೆ ಬಾಗಿಲಲ್ಲೇ ನಿಲ್ಲಿಸಬಹುದು, ಐವತ್ತು ಜನ ಹೋದರೆ ಕುರ್ಚಿ ಕೊಡುತ್ತಾರೆ.

ಸಂಘದಲ್ಲಿ ಮಾಡಬೇಕಾದದ್ದು

1. ಗಾಡಿಗೆ ಸಾಲ ಕೊಡುವ ಮುಂಚೆ ಆರ್.ಸಿ., ವಿಮೆ, ಪರ್ಮಿಟ್ ಮೂರನ್ನೂ ನೋಡಿರಿ. ಓದೋಕೆ ಬರದಿದ್ದರೆ ಓದು ಬಲ್ಲ ಸದಸ್ಯೆಯಿಂದ ಓದಿಸಿರಿ.

2. ಆರ್.ಸಿ.ಯಲ್ಲಿ ಎಷ್ಟು ಸೀಟು ಅಂತ ಬರೆದಿರುತ್ತದೆ. ಆ ಲೆಕ್ಕದಲ್ಲಿ ಡ್ರೈವರನೂ ಸೇರಿರುತ್ತಾನೆ ಅನ್ನುವುದು ನೆನಪಿರಲಿ.

3. ಹಲಗೆ, ಪೈಪು, ಕ್ಯಾರಿಯರ್, ಸೈಲೆನ್ಸರ್ ಕೆಲಸಕ್ಕೆ ಸಂಘದ ಹಣ ಕೊಡುವುದಿಲ್ಲ ಅಂತ ಠರಾವು ಬರೆಯಿರಿ.

4. ಹಳೇ ಗಾಡಿ ಕೊಳ್ಳುವಾಗ ಮೊದಲಿನವರು ಏನಾದರೂ ಬದಲಾಯಿಸಿದ್ದಾರೋ ನೋಡಿರಿ. ಸಂಶಯ ಇದ್ದರೆ ಯಾದಗಿರಿ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ.

5. ಕೂಲಿಗೆ ಕರೆದೊಯ್ಯುವವರು ಸಾಮಾನಿನ ಗಾಡಿ ತಂದರೆ, "ಜನ ಕೂರುವ ಗಾಡಿ ತನ್ನಿ, ಇಲ್ಲದಿದ್ದರೆ ಯಾರೂ ಬರೋದಿಲ್ಲ" ಅಂತ ಎಲ್ಲರೂ ಕೂಡಿ ಹೇಳಿರಿ. ಸುಗ್ಗಿಯಲ್ಲಿ ಆಳು ಬೇಕಾದವರು ಅವರು. ಆಗ ನಿಮ್ಮ ಮಾತಿಗೆ ಬೆಲೆ ಇದೆ.

6. ಮನೆಯ ಹುಡುಗರಿಗೆ ಈ ಪಾಠ ಓದಿ ಹೇಳಿರಿ. ಬೈದು ಹೇಳಬೇಡಿ, ಲೆಕ್ಕ ಹಾಕಿ ತೋರಿಸಿರಿ.

ಚರ್ಚೆಗೆ ಪ್ರಶ್ನೆಗಳು

ಅ) ನಮ್ಮ ಸಂಘದಲ್ಲಿ ಯಾರ ಯಾರ ಹೆಸರಿನಲ್ಲಿ ಗಾಡಿ ಇದೆ? ಆ ಆರ್.ಸಿ. ಯಾರ ಕೈಯಲ್ಲಿದೆ?

ಆ) ಹೋದ ವಾರ ಕೆಲಸಕ್ಕೆ ಹೋದಾಗ ನಮ್ಮ ಗಾಡಿಯಲ್ಲಿ ಎಷ್ಟು ಜನ ಇದ್ದೆವು? ಎಷ್ಟು ಜನ ಇರಬೇಕಾಗಿತ್ತು?

ಇ) ನಮ್ಮ ಊರಿಗೆ ಯಾವ ಹೊತ್ತಿಗೆ ಬಸ್ಸು ಬೇಕು? ಅರ್ಜಿ ಬರೆಯುವವರು ಯಾರು?

ಸಹೋದರಿಯರೇ, ಕಾಗದದಲ್ಲಿ ಹೆಸರು ನಿಮ್ಮದು, ಸಾಲ ತೀರಿಸುವ ದುಡಿಮೆ ನಿಮ್ಮದು, ಗಾಡಿಯಲ್ಲಿ ಕೂರುವ ಜೀವವೂ ನಿಮ್ಮದು. ಆ ಗಾಡಿಗೆ ಏನು ಮಾಡಿಸಬೇಕು, ಏನು ಮಾಡಿಸಬಾರದು ಅನ್ನುವ ಮಾತೂ ನಿಮ್ಮದೇ ಆಗಬೇಕು. ಮುಂದಿನ ಸಭೆಗೆ ಬರುವಾಗ ಗಾಡಿ ಇದ್ದವರು ತಪ್ಪದೆ ಆರ್.ಸಿ. ತನ್ನಿರಿ, ಎಲ್ಲರೂ ಕೂಡಿ ಓದೋಣ.