ಕಾಯುವ ಮಗು, ಕೊಟ್ಟ ಮಾತು

ಸರ್ಕಾರಿ ಶಾಲೆಗೆ ಪಾಠ ಹೇಳಲು ಹೊಸದಾಗಿ ಸೇರಿದ್ದೀಯ, ಸಂತೋಷ. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, 'ಈ ಮಕ್ಕಳಿಗೆ ಒಂದು ನಿಮಿಷ ತಾಳ್ಮೆ ಇಲ್ಲ, ಕೊಟ್ಟದ್ದನ್ನು ನಿಂತಲ್ಲೇ ಮುಗಿಸುತ್ತಾರೆ, ಮನೆಯಲ್ಲೇ ಕಲಿಸದಿದ್ದರೆ ನಾವೇನು ಮಾಡೋಣ' ಅಂತ. ಬೇಜಾರು ಅರ್ಥವಾಗುತ್ತೆ. ಮನೆಯವರ ಮೇಲೆ ಹಾಕಿದ ಆ ಕೊನೆಯ ಮಾತು ಮಾತ್ರ ಹಿಡಿಸಲಿಲ್ಲ.

ಮಿಠಾಯಿ ಪರೀಕ್ಷೆಯ ಕಥೆ ನಿನಗೂ ಗೊತ್ತಿರಬಹುದು. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿಯಲ್ಲಿ ಮಗುವಿನ ಮುಂದೆ ಒಂದು ತಿಂಡಿ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇನೆ ಎಂದು ಶುರು ಮಾಡಿದ ಪ್ರಯೋಗ ಅದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಎಂಬ ವರದಿ 1990ರಲ್ಲಿ ಬಂದದ್ದೇ ತಡ, ಬಡವರು ಬಡವರಾಗಿರುವುದೇ ಸಂಯಮ ಇಲ್ಲದ್ದರಿಂದ ಅನ್ನುವವರಿಗೆ ಒಳ್ಳೆಯ ಆಧಾರ ಸಿಕ್ಕಿತು. ಆ ನರ್ಸರಿಯಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯದವರ ಮಕ್ಕಳೇ ಎಂಬುದು ಮರೆಗೆ ಸರಿಯಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದರು. ತಾಯಂದಿರು ಪದವಿ ಓದಿರದ ಮನೆಗಳಲ್ಲಿ ಕಾಯುವುದಕ್ಕೂ ಮುಂದಿನ ಓದಿಗೂ ಇರುವ ನಂಟು ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ಮಗುವಿನ ಮೊದಲಿನ ಕಲಿಕೆ ಇವನ್ನೂ ಹಿಡಿದು ನೋಡಿದರೆ ಅದರಲ್ಲೂ ಮೂರನೇ ಎರಡು ಪಾಲು ಇಳಿದುಹೋಯಿತು.

ನಿನಗೆ ಕೆಲಸಕ್ಕೆ ಬರುವುದು ಇನ್ನೊಂದು ಪ್ರಯೋಗ. ಸೆಲೆಸ್ಟ್ ಕಿಡ್ ಎಂಬಾಕೆ ಮನೆಯಿಲ್ಲದ ಕುಟುಂಬಗಳ ಆಶ್ರಯಧಾಮದಲ್ಲಿ ದುಡಿದವಳು. ಅಲ್ಲಿನ ಮಕ್ಕಳು ಯಾರೂ ತಿಂಡಿಗೆ ಕಾಯಲಾರರು ಅನ್ನಿಸಿತಂತೆ ಅವಳಿಗೆ. ಕಾದರೆ ಬೇರೆ ಯಾರೋ ಕಿತ್ತುಕೊಳ್ಳುವ ಜಾಗ ಅದು. ಮುಂದೆ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅವಳೂ ಸಂಗಡಿಗರೂ 28 ಮಕ್ಕಳಿಗೆ ಮೊದಲು ಚಿತ್ರ ಬರೆಯಲು ಹಳೆಯ ಕ್ರೇಯಾನ್ ಕೊಟ್ಟು, ತಡೆದರೆ ಒಳ್ಳೆಯದು ತರುತ್ತೇವೆ ಅಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ, 'ಅಯ್ಯೋ, ಇಲ್ಲವಂತೆ ಕಣೋ' ಅಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ ಕಡೆ 3 ನಿಮಿಷ. ವರದಿ ಬಂದದ್ದು 2013ರಲ್ಲಿ. ಒಂದೇ ಬೆಳಗ್ಗೆಯಲ್ಲಿ ಯಾರ ಹುಟ್ಟುಗುಣವೂ ಬದಲಾಗುವುದಿಲ್ಲ, ಅಲ್ಲವೇ?

ಹಾಗಂತ ಸಂಯಮ ಬರೀ ಬೊಗಳೆ ಅಂತ ನಾನು ಹೇಳುತ್ತಿಲ್ಲ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ ನೋಡಿದವರಿಗೆ, ಮನೆಯ ಅಂತಸ್ತನ್ನು ಕಳೆದ ಮೇಲೂ, ಬಾಲ್ಯದ ಸಂಯಮಕ್ಕೂ 32ನೇ ವಯಸ್ಸಿನ ಆರೋಗ್ಯ, ಹಣಕಾಸಿಗೂ ನಂಟು ಕಂಡಿತು. ನಡುವೆ ಸಂಯಮ ಬೆಳೆಸಿಕೊಂಡವರು ನಿರೀಕ್ಷೆಗಿಂತ ಚೆನ್ನಾಗಿಯೇ ಬಾಳಿದರು. ಅಂದರೆ ಕಲಿಸಬಹುದು. ಆದರೆ 'ಕೈಕಟ್ಟು ಬಾಯ್ಮುಚ್ಚು' ಅಂದರೆ ಬರುವ ವಿದ್ಯೆ ಅದಲ್ಲ.

ಅಪ್ಪ ಅಮ್ಮಂದಿರ ಮೇಲೂ ಸಿಟ್ಟಾಗಬೇಡ. ಪಕ್ಕದ ತಮಿಳುನಾಡಿನಲ್ಲೇ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ದುಡ್ಡು ಬಂದ ಮೇಲೆ ಒಮ್ಮೆ ಪರೀಕ್ಷಿಸಿದ್ದರು. ಅದೇ ರೈತ, ಕಾಸಿಲ್ಲದ ತಿಂಗಳಲ್ಲಿ ಗಮನದ ಪರೀಕ್ಷೆಯಲ್ಲೂ ತರ್ಕದಲ್ಲೂ ಹಿಂದೆ ಬಿದ್ದ. ಅಂಗಡಿ ಸಾಲದ ಲೆಕ್ಕದಲ್ಲೇ ಮುಳುಗಿದ ತಾಯಿಗೆ ಮಗುವಿನ ಡೈರಿಯಲ್ಲಿ ನೀನು ಬರೆದ ಟಿಪ್ಪಣಿ ಕಣ್ಣಿಗೆ ಬೀಳದಿದ್ದರೆ ಅದು ಉಡಾಫೆಯಲ್ಲ.

ಇನ್ನು ನಿನ್ನ ಕೈಯಲ್ಲಿರುವುದು. ಬಿಸಿಯೂಟ ದಿನವೂ ಹೊತ್ತಿಗೆ ಸರಿಯಾಗಿ ಬರಲಿ. ಸಾಲಿನ ಕೊನೆಯವನ ತಟ್ಟೆಗೂ ಮೊದಲನೆಯವನಷ್ಟೇ ಸಾಂಬಾರು ಬೀಳುತ್ತೆ ಅಂತ ಖಾತ್ರಿಯಾದರೆ ನೂಕಾಟ ತಾನಾಗಿ ಇಳಿಯುತ್ತೆ. ಕೆಲವು ದಿನ ನೀನೇ ಕೊನೆಯಲ್ಲಿ ನಿಂತು ನೋಡು. ಶುಕ್ರವಾರ ಕಥೆ ಹೇಳುತ್ತೇನೆ ಅಂದಿದ್ದರೆ, ಅವತ್ತು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿ.ಆರ್.ಪಿ.) ಬಂದು ಯಾವುದೋ ಮಾಹಿತಿ ತುಂಬಿಸಿ ಅಂದರೂ, ಹತ್ತು ನಿಮಿಷದ ಕಥೆಯಾದರೂ ಆಗಲಿ. ಆಗಲೇ ಇಲ್ಲವೆಂದರೆ ಯಾಕೆ ಆಗಲಿಲ್ಲ ಅಂತ ಮಕ್ಕಳಿಗೇ ಹೇಳು, ಮುಂದಿನ ದಿನ ಗೊತ್ತುಮಾಡು. ಕೊಡಲಾರದ ಬಹುಮಾನದ ಆಸೆ ತೋರಿಸಲೇಬೇಡ. ಪೋಷಕರ ಸಭೆಯನ್ನು ಮಾತ್ರ ಕೂಲಿ ತಪ್ಪುವ ಹೊತ್ತಿಗೆ ಇಡಬೇಡ, ಸಂಜೆ ಆರಕ್ಕೆ ಇಡಲಾಗುತ್ತಾ ಅಂತ ಹೆಡ್‌ಮಾಸ್ಟರನ್ನು ಕೇಳು.