ಸ್ಕೂಟರ್ ಹೋಯಿತು, ಹೆಸರು ಉಳಿಯಿತು

ಪ್ರಶ್ನೆ: ಬೆಂಗಳೂರಿನಲ್ಲಿ ಚಿಕ್ಕದೊಂದು ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಸ್ಕೂಟರನ್ನು ಪಕ್ಕದ ಬೀದಿಯ ಹುಡುಗನಿಗೆ ಮಾರಿದೆ. ಗುರುತಿನವನೇ ಅಂತ ಫಾರಂಗಳಿಗೆ ಸಹಿ ಹಾಕಿ ಕೊಟ್ಟು ಸುಮ್ಮನಾದೆ. ಈಗ ಹೆಲ್ಮೆಟ್ ಇಲ್ಲ, ಸಿಗ್ನಲ್ ಜಂಪ್ ಅಂತ ನನ್ನ ಮೊಬೈಲಿಗೆ ಫೈನ್ ಮೆಸೇಜು ಬರುತ್ತಲೇ ಇವೆ. ‘ಐನೂರು ತಾನೇ, ರಿಯಾಯಿತಿ ಬಿಟ್ಟಾಗ ಕಟ್ಟಿದರಾಯಿತು’ ಅಂತಾರೆ ಯಜಮಾನರು. ಕೋರ್ಟಿಗೆ ಅಲೆದರೆ ಅಂಗಡಿ ಬಾಗಿಲು ಹಾಕಬೇಕು. ಏನು ಮಾಡಲಿ ಮೇಡಂ?

ಉತ್ತರ: ರಿಯಾಯಿತಿಯ ಮಾತು ನಿಜ. 2023ರ ಫೆಬ್ರವರಿಯಲ್ಲಿ ಬಾಕಿ ದಂಡ ಅರ್ಧಕ್ಕೆ ಇಳಿದಿತ್ತು, 2025ರಲ್ಲೂ ಇಳಿಯಿತು. ಆದರೆ ಅದನ್ನು ಕಾಯುತ್ತಾ ಕೂರಬೇಡಿ ಅಮ್ಮಾ. ನನಗೆ ಎದೆ ಹೊಡೆದುಕೊಳ್ಳುತ್ತಿರುವುದು ಐನೂರಕ್ಕಲ್ಲ. ಆರ್‌ಸಿಯಲ್ಲಿ ಇನ್ನೂ ನಿಮ್ಮ ಹೆಸರಿದೆ.

ಆ ಹುಡುಗ ನಾಳೆ ಯಾರಿಗಾದರೂ ಗುದ್ದಿದ ಅಂತಿಟ್ಟುಕೊಳ್ಳಿ, ಗಾಡಿಗೆ ಇನ್ಶೂರೆನ್ಸ್ ಇಲ್ಲ. ಪರಿಹಾರದ ಲಕ್ಷಗಳು ಯಾರ ತಲೆಗೆ? 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದ ಕಾರದು. ನೋಂದಣಿಯಲ್ಲಿ ಮಾತ್ರ ಮೊದಲಿನ ಮಾಲೀಕರ ಹೆಸರೇ ಇತ್ತು. ಹೊಣೆ ಅವರ ಮೇಲೆಯೇ ಬಿತ್ತು. ಮಾರಿಬಿಟ್ಟೆ ಅನ್ನುವ ಮಾತು ನಡೆಯಲಿಲ್ಲ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಹೇಳುವುದು ಇದಕ್ಕೇ. ನೀವು ಸಹಿ ಹಾಕಿದ 29, 30ನೇ ನಮೂನೆಗಳು ಹುಡುಗನ ಮನೆಯ ಬೀರುವಿನಲ್ಲಿದ್ದರೆ ಕೆಲಸಕ್ಕೆ ಬಾರವು.

ಹಾಗಾಗಿ ಅಂಗಡಿ ಮುಚ್ಚುವುದು ಒಂದೇ ದಿನ ಸಾಧ್ಯ ಅನ್ನುವುದಾದರೆ ಆ ದಿನವನ್ನು ಆರ್‌ಟಿಒಗೆ ಕೊಡಿ. ಹುಡುಗನನ್ನು ಜೊತೆಗೇ ಕರೆದೊಯ್ಯಿರಿ. ಬಾಕಿ ದಂಡ ಉಳಿದಿದ್ದರೆ ಹೆಸರು ಬದಲಾವಣೆಗೆ ಅಡ್ಡಿಯಾಗಬಹುದು, ಅವನಿಂದಲೇ ಮೊದಲು ಕಟ್ಟಿಸಿ. ಬರದಿದ್ದರೆ, ಮಾರಾಟದ ಪತ್ರ, ದುಡ್ಡು ಬಂದ ಬ್ಯಾಂಕ್ ಲೆಕ್ಕ ಇಟ್ಟು ಆರ್‌ಟಿಒಗೂ ಪೊಲೀಸ್ ಠಾಣೆಗೂ ಬರೆದು ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಫೈನ್‌ಗಳ ವಿಷಯ ಹೀಗೆ. ಹೆಲ್ಮೆಟ್ ಹಾಕದ ತಪ್ಪು ಓಡಿಸಿದವನದು. ಗಾಡಿ ಯಾರ ಕೈಲಿತ್ತು ಎಂದು ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು, ಅದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ. ಅವನ ಹೆಸರು, ವಿಳಾಸ ಬರವಣಿಗೆಯಲ್ಲೇ ಕೊಡಿ. ನೆರೆಹೊರೆಯ ಮುಲಾಜು ಇಲ್ಲಿ ಬೇಡ. ಟ್ರಾಫಿಕ್ ಪೊಲೀಸರ ವೆಬ್‌ಸೈಟಿನಲ್ಲಿರುವ ಫೋಟೋಗಳನ್ನು ಇಳಿಸಿಟ್ಟುಕೊಳ್ಳಿ, ಸವಾರ ಕಾಣುತ್ತಾನೆ. ನೀವಾಗಿ ದಂಡ ಕಟ್ಟಿಬಿಟ್ಟರೆ ಆ ಪ್ರಕರಣದಲ್ಲಿ ಮತ್ತೆ ವಾದಕ್ಕೆ ಜಾಗವಿರದು. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಸುತರಾಂ ತಪ್ಪಿಸಬೇಡಿ.

ಇವತ್ತು ಸಂಜೆ ಅಂಗಡಿ ಮುಚ್ಚಿದ ಮೇಲೆ ಆ ಹುಡುಗನ ಮನೆಗೆ ಹೋಗಿ, ಇನ್ಶೂರೆನ್ಸ್ ಪಾಲಿಸಿ ಕೇಳಿ, ಅದರ ಮೇಲಿನ ಕೊನೆಯ ತಾರೀಖು ನೋಡಿ. ಮುಗಿದಿದ್ದರೆ, ನವೀಕರಿಸುವ ತನಕ ಗಾಡಿ ಬೀದಿಗಿಳಿಸಬೇಡವೆಂದು ಅವನ ತಾಯಿಯೆದುರೇ ಹೇಳಿ ಬನ್ನಿ.